ಬಿಟ್ಟ ಸ್ಥಳ ತುಂಬುವವರು ಯಾರು?

'ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್' ಎಂಬ ಹಾರರ್ ವಿಡಿಯೋ ಗೇಮ್ ಸರಣಿಯ ಜೊತೆಗೆ ಬಂದ ಒಂದು ಚಟುವಟಿಕೆ ಪುಸ್ತಕದ ಬಗ್ಗೆ ಬರೆಯುತ್ತೇನೆ ಅಂದಾಗ ನನಗೆ ಎರಡು ಬಗೆಯ ಉತ್ತರ ಬಂತು. ನನ್ನಂತೆ ಪಿಎಚ್‌ಡಿ ಮಾಡುತ್ತಿರುವ ಗೆಳೆಯರು, 'ಅದು ಪುಸ್ತಕ ಅಲ್ಲ, ಸರಕು' ಅಂದರು. ಗೇಮ್ ಆಡುತ್ತಲೇ ಬೆಳೆದ ಕಿರಿಯರು, 'ಅದರ ಒಗಟು ಎಂದೋ ಬಿಡಿಸಿ ಆಯ್ತಲ್ಲ, ಇನ್ನೇನಿದೆ ಬರೆಯೋಕೆ?' ಅಂದರು. ಒಬ್ಬರು ಅದನ್ನು ತೆರೆಯಲೇ ಇಲ್ಲ, ಇನ್ನೊಬ್ಬರು ಉತ್ತರ ಸಿಕ್ಕ ಕ್ಷಣ ಮುಚ್ಚಿಟ್ಟರು. ಇಬ್ಬರೂ ಸೇರಿ ಒಂದು ಪುಸ್ತಕವನ್ನು ಓದದೆ ಉಳಿಸಿದ್ದಾರೆ. ನನ್ನ ಜಗಳ ಇಬ್ಬರ ಜೊತೆಗೂ ಇದೆ.

ಗೊತ್ತಿಲ್ಲದವರಿಗಾಗಿ ಮೊದಲು ಸ್ವಲ್ಪ ಹಿನ್ನೆಲೆ. ಅಮೆರಿಕದ ಸ್ಕಾಟ್ ಕಾಥನ್ ತಯಾರಿಸಿದ ಮೊದಲ ಗೇಮ್ 2014ರ ಆಗಸ್ಟ್‌ನಲ್ಲಿ ಬಂತು. ಅದು ನಡೆಯುವುದು ಒಂದು ಪಿಜ್ಜಾ ಅಂಗಡಿಯಲ್ಲಿ. ಹಗಲು ಹೊತ್ತು ಅಲ್ಲಿ ಕರಡಿ, ಮೊಲ, ಕೋಳಿಗಳ ಆಳೆತ್ತರದ ಯಂತ್ರಗೊಂಬೆಗಳು ಮಕ್ಕಳಿಗಾಗಿ ಹಾಡುತ್ತವೆ. ಇಂಥ ಅಂಗಡಿಗಳು ಅಮೆರಿಕದಲ್ಲಿ ನಿಜವಾಗಿಯೂ ಇದ್ದವು. ಅಟಾರಿ ಕಂಪನಿ ಕಟ್ಟಿದ ನೋಲನ್ ಬುಶ್ನೆಲ್ 1977ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಶುರು ಮಾಡಿದ, ಮುಂದೆ ಚಕ್ ಇ. ಚೀಸ್ ಎಂದು ಹೆಸರಾದ ಅಂಗಡಿಗಳಲ್ಲಿ ಅಲ್ಲಿನ ಎಷ್ಟೋ ಮಕ್ಕಳ ಹುಟ್ಟುಹಬ್ಬ ನಡೆದಿದೆ. ಗೇಮ್‌ನಲ್ಲಿ ಆಡುವವನು ಆ ಅಂಗಡಿಯ ರಾತ್ರಿ ಪಾಳಿಯ ಕಾವಲುಗಾರ. ರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ಕ್ಯಾಮೆರಾ ನೋಡುತ್ತಾ ಕೂರಬೇಕು. ಗೊಂಬೆಗಳು ಓಡಾಡಲು ಶುರು ಮಾಡುತ್ತವೆ. ಬಾಗಿಲು ಮುಚ್ಚಬಹುದು, ಆದರೆ ಕರೆಂಟು ಇಷ್ಟೇ ಅಂತ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ಅದು ಖಾಲಿಯಾದರೆ ಮುಗಿಯಿತು. ಆಟ ಮುಂದುವರಿದ ಹಾಗೆ ತಿಳಿಯುವುದೇನೆಂದರೆ, ಆ ಗೊಂಬೆಗಳೊಳಗೆ ಇರುವುದು ಅದೇ ಅಂಗಡಿಯಲ್ಲಿ ಕೊಲೆಯಾದ ಮಕ್ಕಳು.

ಭೂತದ ಭಯಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಂಪನಿ ಮಾತಾಡುವ ರೀತಿ. ಕೆಲಸದ ಜಾಹೀರಾತಿನಲ್ಲೇ, ಗಾಯವಾದರೆ, ಕೈಕಾಲು ಹೋದರೆ ನಾವು ಹೊಣೆಯಲ್ಲ ಎಂದಿರುತ್ತದೆ. ಮೊದಲ ರಾತ್ರಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟ ದನಿಯೊಂದು ಸ್ವಾಗತಿಸುತ್ತದೆ. ನೌಕರನೊಬ್ಬ ಸತ್ತರೆ ನೆಲ ತೊಳೆದು, ಕಾರ್ಪೆಟ್ ಬದಲಿಸಿ ಆದಮೇಲೆ ಕಾಣೆಯಾದ ದೂರು ಕೊಡುತ್ತೇವೆ ಎಂಬ ನಿಯಮವನ್ನು ಅದು ಬೇಸರವಿಲ್ಲದೆ ಓದಿ ಹೇಳುತ್ತದೆ. ಐದು ರಾತ್ರಿ ಬದುಕಿ ಉಳಿದವನಿಗೆ ಸಿಗುವುದು 120 ಡಾಲರ್ ಚೆಕ್ಕು. ಐದು ರಾತ್ರಿ ಅಂದರೆ 30 ಗಂಟೆ, ಗಂಟೆಗೆ 4 ಡಾಲರ್. ಆರನೇ ರಾತ್ರಿ ಓವರ್‌ಟೈಮ್ ಮಾಡಿದರೆ ಚೆಕ್ಕಿಗೆ 50 ಸೆಂಟ್ ಸೇರುತ್ತದೆ. ಏಳನೆಯದನ್ನೂ ಮುಗಿಸಿದರೆ ಕೆಲಸದಿಂದ ತೆಗೆದ ಪತ್ರ ಬರುತ್ತದೆ. ಅದರಲ್ಲಿರುವ ಕಾರಣಗಳಲ್ಲಿ ಒಂದು, ಮೈವಾಸನೆ. ಇದನ್ನು ಬರೀ ತಮಾಷೆ ಎಂದು ದಾಟಿಸುವವರು ಗುತ್ತಿಗೆ ಕೆಲಸದ ಆದೇಶ ಪತ್ರವನ್ನು ಒಮ್ಮೆಯೂ ಪೂರ್ತಿ ಓದಿಲ್ಲ ಎಂದೇ ನನ್ನ ಅನಿಸಿಕೆ.

ಈಗ ಪುಸ್ತಕಕ್ಕೆ ಬರೋಣ. 2017ರ ಡಿಸೆಂಬರ್‌ನಲ್ಲಿ ಸ್ಕೊಲಾಸ್ಟಿಕ್ ಪ್ರಕಾಶನ 'ಸರ್ವೈವಲ್ ಲಾಗ್‌ಬುಕ್' ಎಂಬ ಹೆಸರಲ್ಲಿ ಇದನ್ನು ತಂದಿತು. ನೋಡಲು ಇದು ಕಂಪನಿಯು ಹೊಸ ಕಾವಲುಗಾರನ ಕೈಗೆ ಕೊಡುವ ಪುಸ್ತಕ. ಚಿತ್ರ ಬಿಡಿಸಿ, ಬಿಟ್ಟ ಸ್ಥಳ ತುಂಬಿ, ದಾರಿ ಹುಡುಕಿ, ಅಕ್ಷರಗಳ ನಡುವೆ ಪದ ಹುಡುಕಿ. ನಮ್ಮ ಪ್ರಾಥಮಿಕ ಶಾಲೆಯ ಅಭ್ಯಾಸ ಪುಸ್ತಕವೇ. ಆದರೆ ಕೊಂಡವರ ಕೈಗೆ ಬರುವ ಪ್ರತಿಯಲ್ಲಿ ಮೈಕ್ ಎಂಬೊಬ್ಬ ಆಗಲೇ ಅಲ್ಲಲ್ಲಿ ಬರೆದಿದ್ದಾನೆ, ಗೀಚಿದ್ದಾನೆ. ಅದೂ ಅಚ್ಚಾಗಿರುವುದೇ. ಇನ್ನೂ ಹತ್ತಿರದಿಂದ ನೋಡಿದರೆ ಮತ್ತಿಬ್ಬರು ಇದ್ದಾರೆ. ಒಬ್ಬರ ಮಾತು ಕಾಗದದ ಬಣ್ಣದಲ್ಲೇ ಕರಗಿಹೋದಂತೆ ಮಸುಕಾಗಿದೆ. ಇನ್ನೊಬ್ಬರು ಕಂಪನಿಯ ವಾಕ್ಯಗಳ ಅಕ್ಷರಗಳನ್ನೇ ಅಲ್ಲಲ್ಲಿ ಬದಲಿಸಿ ತಮ್ಮ ಮಾತು ಹೊರಡಿಸುತ್ತಾರೆ. ಕಂಪನಿಯ ಪ್ರಶ್ನೆಗಳ ಅಡಿಯಲ್ಲಿ ಇವರಿಬ್ಬರೂ ನೆನಪಿನ ಬಗ್ಗೆ, ಕನಸಿನ ಬಗ್ಗೆ, ಹೆಸರಿನ ಬಗ್ಗೆ ಮಾತಾಡಿಕೊಳ್ಳುತ್ತಾರೆ. ಪದ ಹುಡುಕುವ ಆಟವನ್ನೂ ನರಿಯ ಚಿತ್ರವಿರುವ ಒಂದು ಚೌಕಗಳ ಪುಟವನ್ನೂ ಸೇರಿಸಿ ಬಿಡಿಸಿದ ಓದುಗರು ಒಂದು ಮಗುವಿನ ಹೆಸರಿಗೆ ಬಂದು ನಿಂತರು: ಕ್ಯಾಸಿಡಿ. ಪುಸ್ತಕ ಎಲ್ಲಿಯೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬಹುಪಾಲು ಅಭಿಮಾನಿಗಳು ಒಪ್ಪಿರುವ ಉತ್ತರ ಇದು.

ಮೊದಲು 'ಸರಕು' ಅನ್ನುವವರ ಮಾತು. ಹೌದು, ಸರಕೇ. ಗೇಮ್ ಹೆಸರಿನಲ್ಲಿ ಮಾರಾಟವಾಗಲೆಂದೇ ಬಂದದ್ದು. ಡಿಕನ್ಸ್‌ನ ಕಾದಂಬರಿಗಳು ತಿಂಗಳ ಕಂತುಗಳಲ್ಲಿ ಬಂದಾಗ ಕಥೆಯ ಹಿಂದೆ ಮುಂದೆ ಜಾಹೀರಾತಿನ ಹಾಳೆಗಳು ಇರುತ್ತಿದ್ದವು. ಅವನ್ನು ಕಿತ್ತು ಎಸೆದು, ಕಥೆಯನ್ನಷ್ಟೇ ದಪ್ಪ ರಟ್ಟಿನಲ್ಲಿ ಕಟ್ಟಿ, ನಾವು ಪಠ್ಯ ಮಾಡಿಕೊಂಡಿದ್ದೇವೆ. ಮಾರಾಟಕ್ಕೆ ಬಂದದ್ದು ಎಂಬುದು ಓದದಿರಲು ಕಾರಣವಾದರೆ ಕಾದಂಬರಿ ಎಂಬ ಪ್ರಕಾರವನ್ನೇ ಸಿಲಬಸ್‌ನಿಂದ ತೆಗೆಯಬೇಕಾಗುತ್ತದೆ.

ಅವರ ಇನ್ನೊಂದು ಆಕ್ಷೇಪ ಗಟ್ಟಿಯಾಗಿದೆ. ಒಗಟಿನಲ್ಲಿ ಜಾಣತನ ಇರುತ್ತದೆ, ಭಾವ ಇರುವುದಿಲ್ಲ ಎಂಬುದು ಅದು. ಈ ಆಕ್ಷೇಪ ನಮಗೆ ಹೊಸದಲ್ಲ. 9ನೇ ಶತಮಾನದ ಕವಿರಾಜಮಾರ್ಗ ಚಿತ್ರಕವಿತೆಗೆ ಜಾಗ ಕೊಟ್ಟಿತು. ಚಕ್ರ, ಗೋಮೂತ್ರಿಕೆ ಮುಂತಾದ ಬಂಧಗಳಲ್ಲಿ ಅಕ್ಷರ ಕೂರಿಸುವ ವಿದ್ಯೆಯನ್ನು ಕವಿಗಳು ಕಲಿಯುತ್ತಿದ್ದ ಕಾಲ. ಅದೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ, ಧ್ವನಿಯಿಲ್ಲದ ಚಿತ್ರವು ಕಾವ್ಯವಲ್ಲ, ಕಾವ್ಯದ ಅನುಕರಣೆ ಅಷ್ಟೆ ಎಂದು ಬದಿಗೆ ಸರಿಸಿದ. ನಾವು ಪರೀಕ್ಷೆಯಲ್ಲಿ ಎರಡನ್ನೂ ಬರೆದು ಅಂಕ ಪಡೆಯುತ್ತೇವೆ. ಸಿರಿಭೂವಲಯದ 27 ಗುಣಿಸು 27 ಮನೆಗಳ ಅಂಕೆಗಳ ಮುಂದೆ ಕೈಮುಗಿದು ನಿಲ್ಲುತ್ತೇವೆ. ಅಂಥದೇ ಚೌಕಗಳು ಮಕ್ಕಳ ಪುಸ್ತಕದಲ್ಲಿ, ಇಂಗ್ಲಿಷಿನಲ್ಲಿ, ಕರಡಿ ಗೊಂಬೆಯ ಜೊತೆ ಬಂದರೆ ಮಾತ್ರ ನಗು ಬರುತ್ತದೆ.

ಆದರೂ ಆನಂದವರ್ಧನನ ಅಳತೆಗೋಲನ್ನೇ ಇಟ್ಟು ನೋಡೋಣ. ಒಗಟನ್ನು ಬಿಡಿಸಿದ ಮೇಲೆ ಸಿಗುವ ಅರ್ಥವನ್ನು ನೇರವಾಗಿ ಹೇಳಿದ್ದರೂ ಏನೂ ಕಳೆದುಹೋಗದಿದ್ದರೆ ಆ ಒಗಟು ಬರೀ ಕಸರತ್ತು. ಲಾಗ್‌ಬುಕ್‌ನಲ್ಲಿ ಹಾಗಿದೆಯೇ? ಮಾತಾಡುತ್ತಿರುವುದು ಸತ್ತ ಮಗು. ಅದಕ್ಕೆ ಸ್ವಂತದ್ದೊಂದು ಹಾಳೆಯಿಲ್ಲ. ತನ್ನ ಸಾವನ್ನು ಮುಚ್ಚಿದ ಕಂಪನಿಯ ಹಾಳೆಯೇ ಗತಿ. ಆ ಕಂಪನಿಯ ವಾಕ್ಯದಿಂದಲೇ ಒಂದು ಅಕ್ಷರ ತೆಗೆದು, ಇನ್ನೊಂದು ಕೂರಿಸಿ ಮಾತು ಕಟ್ಟಬೇಕು. ಅದರ ಹೆಸರನ್ನು ನೇರವಾಗಿ ಅಚ್ಚು ಹಾಕಿಬಿಟ್ಟರೆ, ಹೇಳಲಾಗದೆ ಸಿಕ್ಕಿಕೊಂಡಿರುವ ಆ ಸ್ಥಿತಿಯೇ ಇಲ್ಲವಾಗುತ್ತದೆ. ಇಲ್ಲಿ ಓದುಗ ಕಣ್ಣು ಕಿರಿದು ಮಾಡಿ, ಪುಟವನ್ನು ದೀಪದ ಹತ್ತಿರ ಹಿಡಿದು, ಅಕ್ಷರ ಕೂಡಿಸಿ ಓದುವ ಕಷ್ಟವೂ ಆ ಮಗು ಮಾತಾಡಲು ಪಡುವ ಕಷ್ಟವೂ ಒಂದೇ ಜಾತಿಯವು. ಇದನ್ನು ಧ್ವನಿ ಅನ್ನದೆ ಇನ್ನೇನು ಅನ್ನುವುದು?

ಇನ್ನು ಅಭಿಮಾನಿಗಳ ಕಡೆಗೆ ತಿರುಗುತ್ತೇನೆ. ಮೊದಲು ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಯಾವ ಗೈಡ್ ಹೇಳಿಕೊಡದೆ, ಯಾವ ಅಂಕದ ಆಸೆಯಿಲ್ಲದೆ, ಅಕ್ಷರ ಅಕ್ಷರವನ್ನು ತೂಗಿ ಓದಿದವರು ಅವರು. ನಮ್ಮ ತರಗತಿಗಳಲ್ಲಿ 'ನಿಕಟ ಓದು' ಎಂದು ನಾವು ಬೋರ್ಡಿನ ಮೇಲೆ ಬರೆಯುವುದನ್ನು ಹದಿಮೂರು ಹದಿನಾಲ್ಕು ವರ್ಷದ ಮಕ್ಕಳು ಮಾಡಿ ತೋರಿಸಿದರು.

ಆದರೆ ಹೆಸರು ಸಿಕ್ಕ ಮೇಲೆ ಆದದ್ದೇನು? ಅದು ಕೋಷ್ಟಕದ ಒಂದು ಮನೆಗೆ ಹೋಗಿ ಕೂತಿತು. ಈ ಮಗು ಯಾವ ಗೊಂಬೆಯೊಳಗಿದೆ, 2018ರ 'ಅಲ್ಟಿಮೇಟ್ ಕಸ್ಟಮ್ ನೈಟ್' ಗೇಮ್‌ನಲ್ಲಿ ಸೇಡು ತೀರಿಸಿಕೊಳ್ಳುವ ಆತ್ಮ ಇದೇನಾ, ಇನ್ನೊಂದು ದನಿ ನಾಲ್ಕನೇ ಗೇಮ್‌ನಲ್ಲಿ ಹುಟ್ಟುಹಬ್ಬದ ದಿನವೇ ಗೊಂಬೆಯ ಬಾಯಿಗೆ ಸಿಕ್ಕ ಹುಡುಗನದೇನಾ, ಯಾವುದು ಮೊದಲು, ಯಾವುದು ಆಮೇಲೆ. ವರ್ಷಗಟ್ಟಲೆ ಈ ವಾದ ನಡೆದಿದೆ. ಕಾಲಾನುಕ್ರಮ ಸರಿಹೋದರೆ ಕೃತಿ ಅರ್ಥವಾಯಿತು ಎಂಬ ಭ್ರಮೆ ಇದು. ನಗಬೇಡಿ, ಇದು ನಮ್ಮ ವಿಭಾಗಗಳ ಹಳೆಯ ಕಾಯಿಲೆಯೂ ಹೌದು. ಕವಿಯ ಕಾಲ, ದೇಶ, ಮತ ನಿರ್ಣಯಿಸುವುದರಲ್ಲೇ ಪುಟಗಳೆಲ್ಲ ಮುಗಿದು ಕಾವ್ಯಕ್ಕೆ ಜಾಗ ಉಳಿಯದ ಪ್ರಬಂಧಗಳು ನಮ್ಮ ಗ್ರಂಥಾಲಯದಲ್ಲಿ ಎಷ್ಟಿಲ್ಲ?

ಈ ಗದ್ದಲದಲ್ಲಿ ಮೈಕ್ ಕಳೆದುಹೋದ. ಅವನ ಬಗ್ಗೆಯೂ ಅಭಿಮಾನಿಗಳು ಕೇಳಿದ್ದು ಒಂದೇ ಪ್ರಶ್ನೆ, ಇವನು ಯಾವ ಗೇಮ್‌ನ ಮೈಕ್? ಉತ್ತರಕ್ಕೆ ಸುಳಿವೂ ಇದೆ. ಅವನು ಗೀಚಿದ ಚಿತ್ರಗಳಲ್ಲೊಂದು ಬೆಣ್ಣೆಯ ಬುಟ್ಟಿ, ಅದು 2016ರ 'ಸಿಸ್ಟರ್ ಲೊಕೇಶನ್' ಗೇಮ್‌ನಿಂದ ಬಂದದ್ದು. ಆ ಗೇಮ್‌ನ ಶುರುವಿನಲ್ಲಿ ಕಂಪನಿಯ ಯಂತ್ರ ಹೊಸ ನೌಕರನಿಗೆ ಹೆಸರು ಟೈಪ್ ಮಾಡಲು ಹೇಳುತ್ತದೆ. ಕೀಪ್ಯಾಡ್ ಕೆಟ್ಟಿದೆ. ಏನು ಒತ್ತಿದರೂ ಯಂತ್ರ ತಾನೇ ತಿದ್ದಿಕೊಂಡು ಅವನಿಗೆ ಒಂದು ಮೊಟ್ಟೆ ತಿಂಡಿಯ ಹೆಸರಿಡುತ್ತದೆ, ಎಗ್ಸ್ ಬೆನೆಡಿಕ್ಟ್. ಆಡುವಾಗ ಎಲ್ಲರೂ ನಗುತ್ತಾರೆ. ಆ ನಗುವಿನ ಪಕ್ಕದಲ್ಲಿ ಲಾಗ್‌ಬುಕ್ಕನ್ನು ಇಟ್ಟು ನೋಡಿ. ಅಲ್ಲಿ ತನ್ನ ಹೆಸರನ್ನೂ ಬರೆಯಲಾಗದವನು ಇಲ್ಲಿ ಸ್ವಂತ ಕೈಬರಹದಲ್ಲಿ ಬರೆಯುತ್ತಿದ್ದಾನೆ. ಕಂಪನಿಯ ಪ್ರಶ್ನೆಗೆ ಉತ್ತರ ಕೊಡುವ ನೆಪದಲ್ಲಿ ತನ್ನ ಕೆಟ್ಟ ಕನಸನ್ನು ಚಿತ್ರ ಬಿಡಿಸುತ್ತಿದ್ದಾನೆ. ಅದೇ ಪುಟಗಳಲ್ಲಿ ಹೆಸರು ಕಳಕೊಂಡ ಮಗು ಹೆಸರಿಗಾಗಿ ತಡಕಾಡುತ್ತಿದೆ. ಗಂಟೆಗೆ 4 ಡಾಲರ್‌ನ ಕಾವಲುಗಾರ ಮತ್ತು ಕಂಪನಿ ಲೆಕ್ಕಕ್ಕೆ ಹಿಡಿಯದ ಮಗು, ಇಬ್ಬರೂ ಒಂದೇ ಫಾರ್ಮಿನಲ್ಲಿ ಜಾಗ ಹುಡುಕುತ್ತಿದ್ದಾರೆ. ಪುಸ್ತಕ ಹೇಳುತ್ತಿರುವುದು ಇದನ್ನು. 'ಕ್ಯಾಸಿಡಿ' ಎಂಬುದು ಆ ಮಾತಿನೊಳಗಿನ ಒಂದು ಪದ ಮಾತ್ರ.

ಪುಸ್ತಕಕ್ಕೆ ಮಿತಿಗಳಿಲ್ಲವೆಂದಲ್ಲ. ಗೇಮ್‌ಗಳ ಪರಿಚಯವಿಲ್ಲದವರಿಗೆ ಇದರ ಅರ್ಧ ಭಾಗ ದಕ್ಕುವುದಿಲ್ಲ. ಹಲವು ಪುಟಗಳು ನಿಜಕ್ಕೂ ಹೊತ್ತು ಕಳೆಯಲು ಇರುವಂಥವೇ. ಇದನ್ನು ಮಹಾಕೃತಿ ಎಂದು ಯಾರ ತಲೆಗೂ ಕಟ್ಟುವ ಉದ್ದೇಶ ನನಗಿಲ್ಲ. ನಾನು ಕೇಳುವುದು ಇಷ್ಟೆ: ಒಂದು ಕಂಪನಿಯ ಫಾರ್ಮನ್ನು ಕಥೆ ಹೇಳುವ ರೂಪವಾಗಿ ಬಳಸಿಕೊಂಡ ಪುಸ್ತಕವೊಂದು ಲಕ್ಷಾಂತರ ಮಕ್ಕಳಿಗೆ ಗೊತ್ತಿರುವ ಲೋಕದಿಂದ ಬಂದಿದ್ದರೆ, ಓದುವುದನ್ನೇ ಕಸುಬು ಮಾಡಿಕೊಂಡ ನಾವು ಅದನ್ನು ಓದಬೇಡವೇ?

ಓದದಿದ್ದರೆ ಆಗುವ ನಷ್ಟ ಕಣ್ಣೆದುರೇ ಇದೆ. ಚಟುವಟಿಕೆ ಪುಸ್ತಕದ ಹಣೆಬರಹವೇ ಬಳಸಿದರೆ ಹಾಳಾಗುವುದು. ಮಗು ಅದರಲ್ಲಿ ಬರೆಯುತ್ತದೆ, ಕತ್ತರಿಸುತ್ತದೆ, ಆಮೇಲೆ ಅದು ರದ್ದಿಗೆ ಹೋಗುತ್ತದೆ. ಒಬ್ಬರು ಬರೆದು ತುಂಬಿಸಿದ್ದನ್ನು ಗ್ರಂಥಾಲಯ ಇನ್ನೊಬ್ಬರಿಗೆ ಎರವಲು ಕೊಡುವುದಿಲ್ಲ. ಹಾಗಾಗಿ ನಾವು ಕೂಡಿಡುವುದು ಖಾಲಿ ಪ್ರತಿಗಳನ್ನು, ಕಳೆದುಕೊಳ್ಳುವುದು ಮಕ್ಕಳ ಕೈಬರಹ ಬಿದ್ದ ಪ್ರತಿಗಳನ್ನು. ಓದುಗರು ಪಠ್ಯದ ಜೊತೆ ಏನು ಮಾಡುತ್ತಾರೆ ಎಂದು ಸಿದ್ಧಾಂತಗಳ ಮೇಲೆ ಸಿದ್ಧಾಂತ ಕಟ್ಟುವ ನಮ್ಮ ಕೈಯಲ್ಲಿ ಅದಕ್ಕೆ ಸಾಕ್ಷಿಯಾಗಬಲ್ಲ ಒಂದು ಪುಟವೂ ಉಳಿಯುವುದಿಲ್ಲ. ಲಾಗ್‌ಬುಕ್ ಇದನ್ನು ಬಲ್ಲದು. ಅದಕ್ಕೇ ತುಂಬಿಸಿದ ಪ್ರತಿಯನ್ನೇ ಅಚ್ಚು ಹಾಕಿದೆ, ಮೈಕ್‌ನ ಗೀಚುಗಳನ್ನು ಕಥೆಯ ಭಾಗ ಮಾಡಿದೆ.

ಸರಕು ಅನ್ನುವ ಗೆಳೆಯರಿಗೆ: ಮೊದಲು ಪುಸ್ತಕ ತೆರೆಯಿರಿ, ಬೆಲೆಯ ಬಗ್ಗೆ ಆಮೇಲೆ ಮಾತಾಡೋಣ. ಉತ್ತರ ಸಿಕ್ಕಿದೆ ಅನ್ನುವ ತಮ್ಮ ತಂಗಿಯರಿಗೆ: ಹೆಸರು ಹುಡುಕಿದ್ದೀರಿ, ಸಂತೋಷ. ಈಗ ಅದನ್ನು ಒಗಟಿನ ಉತ್ತರವೆಂದಲ್ಲದೆ ಒಂದು ಮಗುವಿನ ಹೆಸರೆಂದು ಓದಿ. ಆಮೇಲೆ ಪುಟ ತಿರುಗಿಸಿ, ಅದರ ಪಕ್ಕದಲ್ಲೇ ಕೂತು ರಾತ್ರಿಯಿಡೀ ಫಾರ್ಮು ತುಂಬುತ್ತಿರುವವನ ಮುಖವನ್ನೂ ಒಮ್ಮೆ ನೋಡಿ.