ಅಡಿಕೆಯ ಕೊಳೆರೋಗವೂ ಬಾಗುವ ಸಂವೇದಕಗಳೂ

ಮುಂಗಾರು ಸಮೀಪಿಸಿತೆಂದರೆ ಕುಂಸಿಯ ಸುತ್ತಣ ಅಡಿಕೆ ತೋಟಗಾರರನ್ನು ಬಾಧಿಸುವ ಪ್ರಶ್ನೆ ಒಂದೇ: ಬೋರ್ಡೋ ದ್ರಾವಣವನ್ನು ಯಾವ ದಿನ ಹೊಡೆಯಿಸತಕ್ಕದ್ದು? ಬಹಳ ಮುಂಚೆ ಹೊಡೆದರೆ ಮಳೆಗಾಲದ ನಡುವೆ ಅದರ ಬಲವು ಕುಂದುವುದು. ತಡವಾದರೆ ಮಳೆಯು ಹಿಡಿದುಕೊಂಡು, ಕೊನೆಗೌಡನು ಜಾರುವ ಮರದ ಮೇಲೆ ಪ್ರಾಣವನ್ನೇ ಪಣವಾಗಿಡಬೇಕಾಗುವುದು. ಈ ಪ್ರಶ್ನೆಗೆ ಉತ್ತರ ಹೇಳಬಲ್ಲೆವೆಂದು ಈಗ ವಿದ್ಯುನ್ಮಾನ ಸಂವೇದಕಗಳನ್ನು ತಯಾರಿಸುವವರು ಮುಂದೆ ಬಂದಿದ್ದಾರೆ. ಅವರ ಮಾತನ್ನು ಅಲ್ಲಗಳೆಯಬೇಕಾದುದಿಲ್ಲ. ಆದರೆ ವಿಚಾರಿಸದೆ ಒಪ್ಪಬೇಕಾದುದೂ ಇಲ್ಲ.

ಉಪಕರಣದ ತತ್ತ್ವವು ಜಟಿಲವಾದುದಲ್ಲ. ತೆಳುವಾದ ಹಾಳೆಯ ಮೇಲೆ ಎರಡು ಬಾಚಣಿಗೆಗಳ ಹಲ್ಲುಗಳು ಒಂದರೊಳಗೊಂದು ಸೇರಿದಂತೆ ಲೋಹದ ಗೆರೆಗಳನ್ನು ಮುದ್ರಿಸುತ್ತಾರೆ. ವಿದ್ಯುತ್ ಕ್ಷೇತ್ರಕ್ಕೆ ಒಳಗಾದಾಗ ನೀರು ಗಾಳಿಗಿಂತ ಸುಮಾರು ೮೦ ಪಾಲು ಹೆಚ್ಚಿನ ಪ್ರಭಾವವನ್ನು ತೋರಿಸುವುದರಿಂದ, ಹಾಳೆಯ ಮೇಲೆ ಹನಿ ಕುಳಿತೊಡನೆ ಗೆರೆಗಳ ನಡುವಣ ವಿದ್ಯುತ್ ಧಾರಣಶಕ್ತಿಯು ಏರುವುದು. ತೇವವು ಎಷ್ಟು ಹೊತ್ತು ನಿಂತಿತೆಂಬ ಲೆಕ್ಕವು ಬಾನುಲಿಯ ಅಲೆಗಳ ಮೂಲಕ ತೋಟಗಾರನ ಮೊಬೈಲಿಗೆ ಹೋಗಿ ಸೇರುವುದು. ಶಿಲೀಂಧ್ರದ ರೋಗಗಳಿಗೆ ತೇವದ ಅವಧಿಯೇ ಮುಖ್ಯವಾದ ಕಾರಣವಾಗಿರುವುದರಿಂದ ಈ ಲೆಕ್ಕಕ್ಕೆ ಬೆಲೆಯುಂಟು. ಗಡುಸಾದ ಫಲಕವು ಎಲೆಯಂತೆ ಬೇಗ ತಣಿಯುವುದೂ ಇಲ್ಲ, ಅದರಂತೆ ಒಣಗುವುದೂ ಇಲ್ಲ. ಬಾಗುವ ಹಾಳೆಯಾದರೋ ಎಲೆಗೇ ಅಂಟಿಕೊಂಡು, ಎಲೆ ತೊಯ್ದಾಗ ತೊಯ್ದು ಎಲೆ ಒಣಗಿದಾಗ ಒಣಗುವುದು. ಈಗ ಮಾರಾಟದಲ್ಲಿರುವುವು ಬಹುಮಟ್ಟಿಗೆ ಗಡುಸಾದುವೇ. ಬಾಗುವಂಥವು ಪ್ರಯೋಗಶಾಲೆಗಳಿಂದ ಮೆಲ್ಲಮೆಲ್ಲನೆ ಹೊರಬರುತ್ತಿವೆ. ನಮ್ಮ ದೇಶದಲ್ಲಿ ಕಾನ್ಪುರದ ಐ.ಐ.ಟಿ.ಯಲ್ಲಿ ಇದಕ್ಕೆಂದೇ ರಾಷ್ಟ್ರೀಯ ಕೇಂದ್ರವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಸಂವೇದಕಗಳ ಕೆಲಸವು ನಡೆದಿದೆ.

ಇಂತಹ ಸಂದರ್ಭವು ಮಲೆನಾಡಿಗೆ ಹೊಸದೇನೂ ಅಲ್ಲ. ಬೋರ್ಡೋ ದ್ರಾವಣವೇ ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ ೧೮೮೦ರ ದಶಕದಲ್ಲಿ ಹುಟ್ಟಿದ ಮದ್ದು. ಕೊನೆಗಳಿಗೆ ಕೊಟ್ಟೆ ಕಟ್ಟುವುದನ್ನು ಬಿಟ್ಟರೆ ಬೇರೆ ಉಪಾಯವು ವಿರಳವಾಗಿದ್ದ ಕಾಲದಲ್ಲಿ, ಮೈಸೂರು ಸರಕಾರದ ಸೇವೆಗೆ ೧೯೦೮ರಲ್ಲಿ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗವನ್ನು ವ್ಯಾಸಂಗಮಾಡಿ, ೧೯೧೦ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ದ್ರಾಕ್ಷಿಯ ಮದ್ದು ಅಡಿಕೆಯ ಮದ್ದಾದುದು ಆ ಪರಿಶ್ರಮದಿಂದ. ಸೀಸೆಯನ್ನು ತರಿಸಿಕೊಂಡ ಮಾತ್ರದಿಂದಲ್ಲ.

ಇಂದು ಎಲೆಯ ತೇವವನ್ನಳೆಯುವ ಉಪಕರಣಗಳು ನಾಸಿಕದ ಕಡೆಯ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದಿವೆ. ಆದರೆ ದ್ರಾಕ್ಷಿಯ ಚಪ್ಪರವು ಕೈಗೆಟಕುವಂಥದು. ಅಡಿಕೆಯ ಕೊನೆಯು ನಾಲ್ಕಾಳೆತ್ತರಕ್ಕೂ ಮೇಲೆ, ಸೋಗೆಯ ಬುಡದಲ್ಲಿ ಇರುವಂಥದು. ಕೊಳೆರೋಗವು ಹಿಡಿಯುವುದು ಸೋಗೆಯನ್ನಲ್ಲ, ಕಾಯನ್ನು. ತೋಟದ ಬೇಲಿಯ ಬಳಿ ಕಂಬವೊಂದಕ್ಕೆ ಸಿಕ್ಕಿಸಿದ ಫಲಕವು ಕೊನೆಯೊಳಗಣ ತೇವವನ್ನು ಹೇಗೆ ತಿಳಿಸೀತು? ಕೊನೆಯ ದಂಟಿಗೆ ಸುತ್ತಬಹುದಾದ ಬಾಗುವ ಹಾಳೆಯಿಂದ ನಮಗೆ ನಿಜವಾದ ಪ್ರಯೋಜನವಾಗುವುದಾದರೆ ಇಲ್ಲಿಯೇ ಆಗಬೇಕು.

ಇನ್ನೊಂದು ತೊಡಕುಂಟು. ೨೦ರಿಂದ ೨೩ ಡಿಗ್ರಿ ಸೆಲ್ಸಿಯಸ್ ಉಷ್ಣತೆ, ನೂರಕ್ಕೆ ೯೦ನ್ನು ಮೀರಿದ ಆರ್ದ್ರತೆ, ಬಿಟ್ಟುಬಿಟ್ಟು ಬರುವ ಮಳೆ ಬಿಸಿಲು, ಇವು ಕೊಳೆರೋಗಕ್ಕೆ ಹಿತವಾದ ಸ್ಥಿತಿಗಳು. ಆಷಾಢ ಶ್ರಾವಣಗಳಲ್ಲಿ ವಾರಗಟ್ಟಲೆ ತೊಯ್ದೇ ಇರುವ ತೋಟದಲ್ಲಿ “ತೇವವಿದೆ, ಎಚ್ಚರ” ಎಂದು ಯಂತ್ರವು ದಿನವೂ ಕೂಗಿದರೆ ಅದನ್ನು ಕೇಳುವವರು ಯಾರು? (ಅಷ್ಟನ್ನು ಹೇಳಲು ಮನೆಯ ಅಜ್ಜಿಯೇ ಸಾಕು.) ಬೇಕಾದುದು ಆ ಕೂಗಲ್ಲ, ಮೊದಲ ಸಿಂಪಡಣೆಗೆ ಸರಿಯಾದ ದಿನ, ಮತ್ತು ಸುಮಾರು ೪೦ ದಿನಗಳ ಅನಂತರದ ಎರಡನೆಯ ಸಿಂಪಡಣೆಗೆ ಒದಗಬಹುದಾದ ಹೊಳವಿನ ಅವಧಿ. ಅದೂ ಊರೂರಿಗೆ ಬೇರೆ. ಕುಂಸಿಯು ಮಲೆನಾಡಿನ ಸೆರಗಿನಲ್ಲಿದೆ. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷದ ಮಳೆಯು ೭,೦೦೦ ಮಿಲಿಮೀಟರನ್ನು ಮೀರುವುದು. ಒಂದೇ ಸೂತ್ರವು ಎರಡು ಕಡೆಗೂ ಸಲ್ಲಲಾರದು.

ಈ ಸೂತ್ರವನ್ನು ಕಟ್ಟಬೇಕಾದರೆ ಹಲವು ವರ್ಷಗಳ ತೋಟದ ಲೆಕ್ಕವು ಬೇಕು. ಆ ಲೆಕ್ಕವು ಯಾರ ಸ್ವತ್ತೆಂಬುದು ನಮ್ಮ ಮುಖ್ಯವಾದ ಆಕ್ಷೇಪಣೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕುಂಸಿಯ ಗಣಿಗಳಿಂದ ಮ್ಯಾಂಗನೀಸ್ ಅದಿರು ಹೊರದೇಶಗಳಿಗೆ ಹೋಗುತ್ತಿತ್ತು. ಹತ್ತಿರದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಆರಂಭವಾಗುವವರೆಗೆ ಅದಿರು ನಮ್ಮದು, ಲೋಹ ಪರರದು ಎಂಬ ಸ್ಥಿತಿಯಿದ್ದಿತು. ತೋಟದ ತೇವದ ಲೆಕ್ಕವೂ ಒಂದು ಅದಿರೇ. ಅದನ್ನು ಕಂಪೆನಿಗಳ ಗಣಕಗಳಿಗೆ ಬಿಟ್ಟಿಯಾಗಿ ಕಳುಹಿಸಿ, ಅದರಿಂದ ಹೊರಟ ಸಲಹೆಯನ್ನು ವರ್ಷವರ್ಷವೂ ಚಂದಾ ತೆತ್ತು ಕೊಳ್ಳುವುದು ಯಾವ ನ್ಯಾಯ? ೨೦೨೩ರ ದತ್ತಾಂಶ ಸಂರಕ್ಷಣೆಯ ಕಾನೂನು ವ್ಯಕ್ತಿಗಳ ಖಾಸಗಿ ಮಾಹಿತಿಯನ್ನು ಕುರಿತುದು. ಕೊನೆಯ ಮೇಲಣ ಹನಿಯ ಒಡೆತನವನ್ನು ಅದು ನಿರ್ಣಯಿಸುವುದಿಲ್ಲ.

ಕುಂಸಿಯನ್ನು ದಾಟಿ ಸಾಗರದ ಹಾದಿಯಲ್ಲಿ ಮುಂದೆ ಹೋದರೆ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ವಿಟ್ಲದಲ್ಲಿ ಅಡಿಕೆಯ ಸಂಶೋಧನೆಯು ೧೯೫೬ರಿಂದ ನಡೆದು ಬಂದಿದೆ. ಬೆಂಗಳೂರಿನ ವಿಜ್ಞಾನಿಗಳು ಹಾಳೆಯನ್ನು ಒದಗಿಸಲಿ. ಈ ಸಂಸ್ಥೆಗಳು ಕುಂಸಿ, ಹೊಸನಗರ, ತೀರ್ಥಹಳ್ಳಿಗಳ ತೋಟಗಳಲ್ಲಿ ಅದನ್ನು ಕೊನೆಗಳಿಗೆ ಸುತ್ತಿ, ಕನಿಷ್ಠ ಪಕ್ಷ ಮೂರು ಮಳೆಗಾಲಗಳ ಲೆಕ್ಕವನ್ನು ತೆಗೆದು, ಎಲ್ಲರಿಗೂ ತೆರೆದಿಡಲಿ. ತೋಟಗಾರರ ಸಹಕಾರ ಸಂಘಗಳು ಈ ಬೇಡಿಕೆಯನ್ನು ಮುಂದಿನ ಮುಂಗಾರಿಗೆ ಮೊದಲೇ ಸರಕಾರದ ಮುಂದಿಡತಕ್ಕದ್ದು. ಅಲ್ಲಿಯವರೆಗೆ ಉಪಕರಣವನ್ನು ಮಾರಬಂದವರನ್ನು, ಇದನ್ನು ಯಾವ ಅಡಿಕೆ ತೋಟದಲ್ಲಿ, ಎಷ್ಟು ಮಳೆಗಾಲ ಪರೀಕ್ಷಿಸಿದ್ದೀರಿ ಎಂದು ಕೇಳತಕ್ಕದ್ದು.