ಸ್ಕ್ಯಾನ್ ನಾರ್ಮಲ್, ತಲೆನೋವು ಮಾತ್ರ ಹೋಗಿಲ್ಲ: ತಲೆಪೆಟ್ಟಿಗೆ ಮನೋಚಿಕಿತ್ಸೆ ಏಕೆ?

2025ರ ಜನವರಿ 31ರಂದು ಪುಣೆಯಲ್ಲಿ ನಡೆದ ಭಾರತ–ಇಂಗ್ಲೆಂಡ್ ಟಿ20 ಪಂದ್ಯದಲ್ಲಿ ಶಿವಂ ದುಬೆ ಅವರ ಹೆಲ್ಮೆಟ್‌ಗೆ ಚೆಂಡು ಬಡಿಯಿತು. ಅವರ ಬದಲಿಗೆ ಮೈದಾನಕ್ಕಿಳಿದ ಹರ್ಷಿತ್ ರಾಣಾ ಮೂರು ವಿಕೆಟ್ ಕಿತ್ತರು. ಆಲ್‌ರೌಂಡರ್ ಜಾಗಕ್ಕೆ ವೇಗದ ಬೌಲರ್ ಬಂದದ್ದು ಸರಿಯೇ ಎಂಬ ವಾದ ದಿನಗಟ್ಟಲೆ ನಡೆಯಿತು. ‘ಕನ್‌ಕಷನ್’ ಎಂಬ ಪದ ಕ್ರಿಕೆಟ್ ನೋಡುವ ಮನೆಗಳಿಗೆಲ್ಲ ಪರಿಚಯವಾಯಿತು. ಆದರೆ ನಿಯಮದ ಜಗಳದಲ್ಲಿ ತಲೆಯ ವಿಷಯ ಹಿಂದೆ ಸರಿಯಿತು.

ಕನ್‌ಕಷನ್ ಎಂದರೆ ಪೆಟ್ಟು ಅಥವಾ ಜೋರಾದ ಅಲುಗಾಟದಿಂದ ಮೆದುಳಿಗಾಗುವ ಲಘು ಆಘಾತ. ನಮ್ಮಲ್ಲಿ ಇದು ಪಿಚ್‌ಗಿಂತ ರಸ್ತೆಯಲ್ಲೇ ಹೆಚ್ಚು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಗಾಯಗೊಂಡವರು 4,43,366 ಮಂದಿ. ಬೈಕ್‌ನಿಂದ ಬಿದ್ದು, ಸಿಟಿ ಸ್ಕ್ಯಾನ್ ಮಾಡಿಸಿಕೊಂಡು, ‘ಏನೂ ಇಲ್ಲ, ರೆಸ್ಟ್ ಮಾಡಿ’ ಎಂಬ ಮಾತು ಕೇಳಿ ಮನೆಗೆ ಮರಳಿದವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ.

ಆ ಮಾತು ಅರ್ಧ ನಿಜ. ಸಿಟಿ ಸ್ಕ್ಯಾನ್ ರಕ್ತಸ್ರಾವ, ತಲೆಬುರುಡೆಯ ಬಿರುಕು ತೋರಿಸುತ್ತದೆ. ಮೆದುಳಿನ ಕೋಶಗಳ ಕೆಲಸದಲ್ಲಾಗುವ ಏರುಪೇರು ಅದರಲ್ಲಿ ಕಾಣುವುದಿಲ್ಲ. ಹೆಚ್ಚಿನವರು ಕೆಲವೇ ವಾರಗಳಲ್ಲಿ ಸುಧಾರಿಸಿಕೊಳ್ಳುತ್ತಾರೆ. ಇನ್ನು ಕೆಲವರಿಗೆ ತಲೆನೋವು, ತಲೆಸುತ್ತು, ಮರೆವು, ಬೆಳಕು ಮತ್ತು ಸದ್ದು ತಡೆಯಲಾಗದ ಸ್ಥಿತಿ, ಸಿಡುಕು, ನಿದ್ರಾಹೀನತೆ ತಿಂಗಳುಗಟ್ಟಲೆ ಉಳಿಯುತ್ತವೆ. ‘ರಿಪೋರ್ಟ್‌ನಲ್ಲಿ ಏನೂ ಇಲ್ಲವಲ್ಲ’ ಎಂದು ಮನೆಯವರು, ಆಫೀಸಿನವರು ಕೇಳಲು ಶುರು ಮಾಡುವುದು ಆಗಲೇ.

ಈ ಹಂತದಲ್ಲಿ ವೈದ್ಯರು ‘ಒಮ್ಮೆ ಮನಶ್ಶಾಸ್ತ್ರಜ್ಞರನ್ನು ನೋಡಿ’ ಎಂದರೆ ರೋಗಿಯ ಕಿವಿಗೆ ಅದು ‘ನಿಮ್ಮದು ಬರೀ ಭ್ರಮೆ’ ಎಂದೇ ಕೇಳಿಸುತ್ತದೆ. ತಪ್ಪು ರೋಗಿಯದಲ್ಲ. ಏಕೆ ಕಳಿಸುತ್ತಿದ್ದೇವೆ ಎಂದು ಎರಡು ನಿಮಿಷ ಕೂತು ವಿವರಿಸುವ ಪುರುಸೊತ್ತು ಎಷ್ಟು ಒಪಿಡಿಗಳಲ್ಲಿದೆ?

ವಿವರಿಸಬೇಕಾದ್ದು ಇಷ್ಟು. ನೋವು ಶುರುವಾದದ್ದು ಪೆಟ್ಟಿನಿಂದಲೇ. ಅದು ಮುಂದುವರಿಯಲು ಬೇರೆ ಕಾರಣಗಳೂ ಜೊತೆಗೂಡಿರಬಹುದು. ಮೊಬೈಲ್ ನೋಡಿದರೆ ತಲೆನೋವು ಬರುತ್ತದೆಂದು ಮೊಬೈಲ್ ಬಿಡುತ್ತಾರೆ. ಆಮೇಲೆ ಬಸ್ ಹತ್ತುವುದು, ಮಾರ್ಕೆಟ್‌ಗೆ ಹೋಗುವುದು, ಕೊನೆಗೆ ಜನರೊಂದಿಗೆ ಮಾತೂ ಬಿಟ್ಟುಹೋಗುತ್ತವೆ. ಕತ್ತಲೆ ಕೋಣೆಗೆ ಒಗ್ಗಿದ ಕಣ್ಣಿಗೆ ಟ್ಯೂಬ್‌ಲೈಟೂ ಚುಚ್ಚುತ್ತದೆ. ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟದ್ದಕ್ಕೆ ಮರೆವು ಹೆಚ್ಚುತ್ತದೆ, ಮರೆತದ್ದಕ್ಕೆ ಮೆದುಳು ಹಾಳಾಗಿದೆ ಎಂಬ ಭಯ ಬಲಿಯುತ್ತದೆ. ಪೆಟ್ಟಿಗೆ ಮುಂಚೆಯೂ ಬೀಗದ ಕೈ ಮರೆಯುತ್ತಿದ್ದೆವು ಎನ್ನುವುದು ಮಾತ್ರ ನೆನಪಿಗೆ ಬರುವುದಿಲ್ಲ. ಗಾಯಗೊಂಡವರು ತಮ್ಮ ಹಿಂದಿನ ಆರೋಗ್ಯವನ್ನು ಇದ್ದದ್ದಕ್ಕಿಂತ ಚೆನ್ನಾಗಿ ನೆನೆಯುತ್ತಾರೆ ಎಂಬುದನ್ನು ಸಂಶೋಧಕರು ಗುರುತಿಸಿದ್ದಾರೆ. ಅಪಘಾತದ ದೃಶ್ಯವೇ ಕಣ್ಣ ಮುಂದೆ ಬಂದು ಮತ್ತೆ ಸ್ಕೂಟರ್ ಮುಟ್ಟಲಾಗದವರ ಕಥೆ ಇನ್ನೊಂದು.

ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ, ಈ ಸುಳಿಯನ್ನು ಬಿಡಿಸಲು ನೋಡುತ್ತದೆ. ಇದರಲ್ಲಿ ಬರೀ ಸಮಾಧಾನದ ಮಾತಿಲ್ಲ, ಮನೆಗೆಲಸವೂ ಇದೆ. ತಲೆನೋವು ಬರುವ ಮುನ್ನವೇ ನಿಲ್ಲಿಸುವಂತೆ ಕಂಪ್ಯೂಟರ್ ಮುಂದೆ ಇಂತಿಷ್ಟೇ ನಿಮಿಷ ಎಂದು ಗೊತ್ತುಮಾಡಿಕೊಂಡು ವಾರವಾರ ಹೆಚ್ಚಿಸುವುದು, ಚೆನ್ನಾಗಿರುವ ದಿನ ಎಲ್ಲ ಕೆಲಸ ಮುಗಿಸಿ ಮರುದಿನ ಹಾಸಿಗೆ ಹಿಡಿಯುವ ಅಭ್ಯಾಸ ತಪ್ಪಿಸುವುದು, ಮಲಗಿ ಏಳುವ ಹೊತ್ತು ಸರಿಪಡಿಸುವುದು, ‘ಇನ್ನು ನಾನು ಸರಿಹೋಗುವುದೇ ಇಲ್ಲ’ ಎಂಬ ಯೋಚನೆಯನ್ನು ಒರೆಗೆ ಹಚ್ಚುವುದು ಇದರಲ್ಲಿ ಸೇರುತ್ತವೆ.

ಫಲ ಸಿಗುತ್ತದೆಯೇ? ಅಮೆರಿಕದ ಸಿಯಾಟಲ್‌ನಲ್ಲಿ 11ರಿಂದ 17 ವರ್ಷದ 49 ಮಕ್ಕಳ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಸಿಬಿಟಿ ಒಳಗೊಂಡ ಸಂಯೋಜಿತ ಆರೈಕೆ ಪಡೆದವರಲ್ಲಿ ಆರು ತಿಂಗಳ ನಂತರ ತೀವ್ರ ಲಕ್ಷಣ ಉಳಿದದ್ದು ಶೇ 13ರಷ್ಟು ಮಕ್ಕಳಿಗೆ. ಎಂದಿನ ಚಿಕಿತ್ಸೆ ಪಡೆದವರಲ್ಲಿ ಇದು ಸುಮಾರು ಶೇ 42. ಡೆನ್ಮಾರ್ಕ್‌ನ ಆರ್ಹುಸ್‌ನಲ್ಲಿ 15ರಿಂದ 30 ವರ್ಷದ 112 ಮಂದಿಯನ್ನು ಒಳಗೊಂಡು, ಎಂಟು ವಾರಗಳ ಕಾರ್ಯಕ್ರಮದ ಪ್ರಯೋಗ ನಡೆಯಿತು. 2019ರಲ್ಲಿ ಬಂದ ಅದರ ಫಲಿತಾಂಶವೂ ಇದೇ ದಿಕ್ಕಿನದು. ಎರಡೂ ಸಣ್ಣ ಅಧ್ಯಯನಗಳು ಎಂಬುದನ್ನು ಮರೆಯಬಾರದು.

ಹೆಚ್ಚು ಗಮನಿಸಬೇಕಾದದ್ದು ನೆದರ್ಲೆಂಡ್ಸ್‌ನ 2017ರ ಅಧ್ಯಯನ. ಪೆಟ್ಟು ಬಿದ್ದ ಆರಂಭದ ವಾರಗಳಲ್ಲೇ ಕೆಲವರಿಗೆ ಸಿಬಿಟಿ, ಇನ್ನು ಕೆಲವರಿಗೆ ಫೋನ್‌ನಲ್ಲಿ ಸಲಹೆ ಕೊಡಲಾಯಿತು. ತಿಂಗಳುಗಳ ನಂತರ ಕಡಿಮೆ ದೂರು ಹೇಳಿದವರು ಫೋನ್ ಸಲಹೆ ಪಡೆದವರು! ಎಲ್ಲರನ್ನೂ ಮೊದಲ ದಿನದಿಂದಲೇ ಥೆರಪಿಗೆ ಕೂರಿಸಬೇಕಿಲ್ಲ. ಏನಾಗುತ್ತಿದೆ, ಎಷ್ಟು ದಿನದಲ್ಲಿ ಕಡಿಮೆಯಾಗಬಹುದು, ಯಾವಾಗ ಏನು ಮಾಡಬಹುದು ಎಂದು ತಿಳಿಸುವ ಒಂದೆರಡು ಕರೆಗಳೇ ಅನೇಕರಿಗೆ ಸಾಕು. ಭಾರತದ ಆಸ್ಪತ್ರೆಗಳು ಖರ್ಚಿಲ್ಲದೆ ಎತ್ತಿಕೊಳ್ಳಬಹುದಾದ ಪಾಠ ಇದೇ. ಥೆರಪಿ ಲಕ್ಷಣಗಳು ಉಳಿದವರಿಗಿರಲಿ.

ವಿಶ್ರಾಂತಿಯ ಸಲಹೆಯೂ ಬದಲಾಗಿದೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ಕ್ರೀಡಾ ಕನ್‌ಕಷನ್ ತಜ್ಞರ ಒಮ್ಮತದ ಹೇಳಿಕೆ, ಕತ್ತಲೆ ಕೋಣೆಯ ಸಂಪೂರ್ಣ ವಿಶ್ರಾಂತಿಯನ್ನು ಬೆಂಬಲಿಸುವುದಿಲ್ಲ. ಮೊದಲ 24ರಿಂದ 48 ಗಂಟೆ ಕೆಲಸ ಕಡಿಮೆ ಮಾಡಿ, ಆ ಅವಧಿಯಲ್ಲೇ ನಡಿಗೆಯಂಥ ಹಗುರ ಚಟುವಟಿಕೆ ಶುರು ಮಾಡಬಹುದು ಎನ್ನುತ್ತದೆ. ಪದೇಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಮಾತು ತೊದಲುವುದು, ಫಿಟ್ಸ್, ಒಂದು ಕಡೆಯ ಕೈಕಾಲು ಬಲಹೀನವಾಗುವುದು ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಅಲ್ಲಿ ಮನೋಚಿಕಿತ್ಸೆಯ ಮಾತೇ ಇಲ್ಲ.

ಥೆರಪಿಗೆ ಮಿತಿಯೂ ಇದೆ. ಆಸ್ಟ್ರೇಲಿಯಾದ ವಿಲ್ ಪುಕೊವ್‌ಸ್ಕಿ 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ಭಾರತದ ವಿರುದ್ಧ ಪದಾರ್ಪಣೆ ಮಾಡಿ 62 ರನ್ ಹೊಡೆದಿದ್ದರು. ಅದೇ ಅವರ ಮೊದಲ ಮತ್ತು ಕೊನೆಯ ಟೆಸ್ಟ್. ಮತ್ತೆಮತ್ತೆ ತಲೆಗೆ ಪೆಟ್ಟು ತಿಂದು 2025ರ ಏಪ್ರಿಲ್‌ನಲ್ಲಿ, 27ನೇ ವಯಸ್ಸಿಗೇ ನಿವೃತ್ತರಾದರು. ತಲೆನೋವು, ಆಯಾಸ ಇನ್ನೂ ಬಿಟ್ಟಿಲ್ಲ ಎಂದು ಆಗ ಅವರೇ ಹೇಳಿಕೊಂಡಿದ್ದರು. ಪೆಟ್ಟಿನ ಮೇಲೆ ಪೆಟ್ಟು ಬಿದ್ದ ತಲೆಯನ್ನು ಮತ್ತೆ ಮೈದಾನಕ್ಕಿಳಿಸುವ ಉಪಾಯವಾಗಿ ಮನೋಚಿಕಿತ್ಸೆಯನ್ನು ಯಾರೂ ಬಳಸಬಾರದು.

ಇನ್ನು ಹಣದ ಪ್ರಶ್ನೆ. ದೈಹಿಕ ಕಾಯಿಲೆಗಿರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಆದರೆ ಆಸ್ಪತ್ರೆಗೆ ದಾಖಲಾದರಷ್ಟೇ ಹಣ ಕೊಡುವ ಪಾಲಿಸಿಗಳಲ್ಲಿ, ವಾರಕ್ಕೊಮ್ಮೆ ಹೋಗಿ ಬರುವ ಥೆರಪಿಯ ಬಿಲ್ ರೋಗಿಯ ಜೇಬಿಗೇ ಬೀಳುತ್ತದೆ. ಊರು ಬಿಟ್ಟ ಕನ್ನಡಿಗರಿಗೆ ಭಾಷೆಯ ತೊಡಕು ಬೇರೆ. ‘ತಲೆ ಭಾರ’, ‘ತಲೆ ಧಿಂ ಅನ್ನುತ್ತೆ’, ‘ಕಣ್ಣು ಕತ್ತಲೆ ಬರುತ್ತೆ’ ಎಂಬುದನ್ನು ಥಾಣೆಯಲ್ಲೋ ಚೆನ್ನೈಯಲ್ಲೋ ಇನ್ನೊಂದು ಭಾಷೆಯಲ್ಲಿ ಹೇಳುವುದು ಸುಲಭವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಭಾಷೆ ಆರಿಸಿಕೊಳ್ಳಲು ಅವಕಾಶವಿದೆ. ಅದು ತಲೆಪೆಟ್ಟಿನ ಚಿಕಿತ್ಸಾ ಕೇಂದ್ರವಲ್ಲ. ಪೆಟ್ಟಿನ ನಂತರ ಕಾಡುವ ಭಯ, ನಿದ್ದೆಯಿಲ್ಲದ ರಾತ್ರಿಗಳ ಬಗ್ಗೆ ಕನ್ನಡದಲ್ಲೇ ಮಾತು ಶುರು ಮಾಡಲು ಈ ನಂಬರ್ ಸಾಕು.