ಆ ಸಹಿ ಹಾಕುವ ಮೊದಲು

ಷಿಕಾಗೋ ಬಳಿಯ ಹೈಲ್ಯಾಂಡ್ ಪಾರ್ಕ್‌ನಲ್ಲಿ ನಿಷೇಧ ಇತ್ತು. ಇದನ್ನು ಒಪ್ಪಿಕೊಂಡೇ ಮಾತು ಶುರು ಮಾಡೋಣ. ಯುದ್ಧಭೂಮಿಯ ಮಾದರಿಯ ಅರೆ ಸ್ವಯಂಚಾಲಿತ ರೈಫಲ್‌ಗಳನ್ನಾಗಲಿ, ಹತ್ತಕ್ಕಿಂತ ಹೆಚ್ಚು ಗುಂಡು ತುಂಬುವ ಮ್ಯಾಗಝೀನ್‌ಗಳನ್ನಾಗಲಿ ಯಾರೂ ಇಟ್ಟುಕೊಳ್ಳಕೂಡದು ಎಂದು ಆ ಊರು 2013ರಲ್ಲೇ ಕಟ್ಟಳೆ ಮಾಡಿತ್ತು. ಆದರೂ 2022ರ ಜುಲೈ 4ರ ಬೆಳಿಗ್ಗೆ 21 ವರ್ಷದ ಹುಡುಗನೊಬ್ಬ ಅಂಥದೇ ರೈಫಲ್ ಹಿಡಿದು ಅಂಗಡಿಯೊಂದರ ಛಾವಣಿ ಹತ್ತಿದ. ಕೆಳಗೆ ಸ್ವಾತಂತ್ರ್ಯ ದಿನದ ಮೆರವಣಿಗೆ ಸಾಗುತ್ತಿತ್ತು. ಒಂದು ನಿಮಿಷವೂ ಆಗಿರಲಿಲ್ಲ, 83 ಗುಂಡು ಹಾರಿದ್ದವು. ಏಳು ಜನ ಸತ್ತರು, ಅವರಲ್ಲಿ ಹಿರಿಯರಿಗೆ 88 ವರ್ಷ. 48 ಜನ ಗಾಯಗೊಂಡರು. ಎರಡು ವರ್ಷದ ಮಗುವೊಂದು ಅಪ್ಪ ಅಮ್ಮ ಇಬ್ಬರನ್ನೂ ಒಂದೇ ಬೆಳಿಗ್ಗೆ ಕಳೆದುಕೊಂಡಿತು.

ನಮ್ಮ ಶಾಮ್‌ಬರ್ಗ್‌ನಿಂದ ಆ ಬೀದಿಗೆ ಕಾರಿನಲ್ಲಿ ಗಂಟೆಯೊಳಗಿನ ದಾರಿ. ನಮ್ಮೂರಿನ ಸೆಪ್ಟೆಂಬರ್‌ಫೆಸ್ಟ್ ಮೆರವಣಿಗೆಯಲ್ಲೂ ನಾವು ಹಾಗೆಯೇ ಮಡಿಸುವ ಕುರ್ಚಿ ಹಾಕಿಕೊಂಡು, ಮಕ್ಕಳನ್ನು ರಸ್ತೆಯಂಚಿಗೆ ಕೂರಿಸುತ್ತೇವೆ.

ಅಂದಿನಿಂದ ನಮ್ಮ ಕನ್ನಡಿಗರ ಔತಣಕೂಟಗಳಲ್ಲಿ ಒಂದು ಮಾತು ಪದೇಪದೇ ಕೇಳುತ್ತಿದೆ: "ಬ್ಯಾನ್ ಇದ್ದ ಊರಲ್ಲೇ ಹೀಗಾಯ್ತಲ್ಲ, ಕಾನೂನು ಮಾಡಿ ಏನು ಬಂತು?" ಕೇಳಿದವರು ತಲೆಯಾಡಿಸುತ್ತಾರೆ, ಮಾತು ಮನೆಯ ಬೆಲೆಗೋ ಮಕ್ಕಳ ಕಾಲೇಜಿಗೋ ಹೊರಳುತ್ತದೆ. ಆ ಮಾತನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲು ನಾನು ಸಿದ್ಧನಿಲ್ಲ. ಏಳು ಹೆಣಗಳ ಮುಂದೆ ನಿಂತು ಆಡಿ ಮುಗಿಸುವ ಮಾತಲ್ಲ ಅದು.

ಆ ಹುಡುಗನ ವಾಸ ಪಕ್ಕದ ಹೈವುಡ್‌ನಲ್ಲಿ. ರೈಫಲನ್ನು ಅವನು ಕದ್ದಿರಲಿಲ್ಲ, ಇಲಿನಾಯ್ ರಾಜ್ಯದೊಳಗೇ ಕಾನೂನುಬದ್ಧವಾಗಿ ಕೊಂಡಿದ್ದ. ಬಂದೂಕು ಇಟ್ಟುಕೊಳ್ಳಲು ಈ ರಾಜ್ಯ ಕೊಡುವ ಫಾಯಿಡ್ ಕಾರ್ಡ್ ಅವನ ಕಿಸೆಯಲ್ಲಿತ್ತು. ಒಂದು ಊರಿನ ಕಟ್ಟಳೆ ಆ ಊರಿನ ಗಡಿಕಲ್ಲಿನ ತನಕ ಮಾತ್ರ. ಗಡಿಯಲ್ಲಿ ಚೆಕ್‌ಪೋಸ್ಟ್ ಇಲ್ಲ, ಇರಲೂಬಾರದು. ಹಾಗಿದ್ದಮೇಲೆ ಸೋತದ್ದು ನಿಷೇಧವೋ, ಅದನ್ನು ಒಂದೇ ಊರಿಗೆ ಕಟ್ಟಿಹಾಕಿದ ರಾಜಕೀಯವೋ?

ಕಟ್ಟಿಹಾಕಿದ ಬಗೆ ಹೇಗೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. 2013ರ ಬೇಸಿಗೆಯಲ್ಲಿ, ಬಂದೂಕನ್ನು ಮರೆಮಾಡಿ ಒಯ್ಯಲು ಅನುಮತಿ ಕೊಡುವ ಕಾನೂನು ತರುವಾಗ, ಇಲಿನಾಯ್ ಶಾಸನಸಭೆ ಊರುಗಳಿಗೆ ಹತ್ತು ದಿನಗಳ ಗಡುವು ಕೊಟ್ಟಿತು. ಇಂಥ ರೈಫಲ್‌ಗಳನ್ನು ನಿಷೇಧಿಸುವುದಿದ್ದರೆ ಆ ಹತ್ತು ದಿನಗಳಲ್ಲೇ ಆಗಬೇಕು, ಆಮೇಲೆ ಬಾಗಿಲು ಬಂದ್. ಹೈಲ್ಯಾಂಡ್ ಪಾರ್ಕ್ ಆ ಹತ್ತು ದಿನಗಳನ್ನು ಬಳಸಿಕೊಂಡಿತು. ಮಿಷಿಗನ್‌ನಲ್ಲಿ ಅಷ್ಟೂ ಇಲ್ಲ. ಅಲ್ಲಿ 1990ರ ಕಾನೂನು ಸ್ಥಳೀಯ ಆಡಳಿತಗಳ ಕೈಯನ್ನೇ ಕಟ್ಟಿದೆ. ಕನ್ನಡ ಮನೆಗಳಿರುವ ನೋವೈ, ಟ್ರಾಯ್, ಕ್ಯಾಂಟನ್‌ಗಳ ಜನ ಒಕ್ಕೊರಲಿನಿಂದ ಬಯಸಿದರೂ ತಮ್ಮೂರಿಗೊಂದು ಬಂದೂಕು ನಿಷೇಧ ತರುವಂತಿಲ್ಲ.

ಇದು ಇಂದಿನ ಜಗಳವೂ ಅಲ್ಲ. ಷಿಕಾಗೋದ ಉತ್ತರಕ್ಕಿರುವ ಮಾರ್ಟನ್ ಗ್ರೋವ್ 1981ರಲ್ಲಿ ಕೈಬಂದೂಕುಗಳನ್ನು ನಿಷೇಧಿಸಿತು, ದೇಶದಲ್ಲಿ ಹಾಗೆ ಮಾಡಿದ ಮೊದಲ ಊರು ಅದು. ಮರುವರ್ಷ ಷಿಕಾಗೋ ಅದೇ ದಾರಿ ಹಿಡಿಯಿತು. 2010ರಲ್ಲಿ ಸುಪ್ರೀಂ ಕೋರ್ಟ್ ಮ್ಯಾಕ್‌ಡೊನಾಲ್ಡ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಷಿಕಾಗೋದ ನಿಷೇಧ ಬಿದ್ದುಹೋಯಿತು. ಹೈಲ್ಯಾಂಡ್ ಪಾರ್ಕ್‌ನ ಕಟ್ಟಳೆಯೂ ಕೋರ್ಟು ಕಂಡಿತು, 2015ರಲ್ಲಿ ಉಳಿದುಕೊಂಡಿತು. ಬೇರೇನೂ ಆಗದಿದ್ದರೂ ಜನರಲ್ಲಿ ಸುರಕ್ಷತೆಯ ಭಾವನೆ ಹೆಚ್ಚಿದರೆ ಅದೂ ಒಂದು ಪ್ರಯೋಜನವೇ ಎಂದಿದ್ದರು ನ್ಯಾಯಮೂರ್ತಿ ಫ್ರಾಂಕ್ ಈಸ್ಟರ್‌ಬ್ರುಕ್. ಏಳು ವರ್ಷಗಳ ನಂತರ ನಡೆದದ್ದನ್ನು ನೆನೆದರೆ ಆ ಸಾಲು ಎದೆಗೆ ಚುಚ್ಚುತ್ತದೆ. ಭಾವನೆಯಷ್ಟೇ ಸಾಲದು.

ಕರ್ನಾಟಕದಿಂದ ಬಂದ ಕೆಲವರು ಕೊಡಗಿನ ಉದಾಹರಣೆ ಎತ್ತುತ್ತಾರೆ. "ಅಲ್ಲಿ ಮನೆಮನೆಯಲ್ಲೂ ಕೋವಿ ಇದೆ, ಯಾರಾದರೂ ಹಬ್ಬದ ಗುಂಪಿನ ಮೇಲೆ ಗುಂಡು ಹಾರಿಸಿದ್ದಾರಾ? ತಪ್ಪು ಬಂದೂಕಿನದಲ್ಲ, ಮನುಷ್ಯನದು." ಗೌರವದಿಂದಲೇ ಉತ್ತರಿಸುತ್ತೇನೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಇಡೀ ದೇಶಕ್ಕೆ ಅನ್ವಯಿಸುವ ಶಸ್ತ್ರಾಸ್ತ್ರ ಕಾಯ್ದೆಯೊಂದರ ಒಳಗಿನ ವಿನಾಯಿತಿ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಆ ಕೋವಿ ಮನೆತನದ ಜೊತೆ, ಭೂಮಿಯ ಜೊತೆ ಬಂದದ್ದು. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ. ಮಲೆನಾಡಿನ ಲೈಸೆನ್ಸುದಾರ ರೈತನನ್ನೇ ನೋಡಿ: ಚುನಾವಣೆ ಘೋಷಣೆಯಾದರೆ ಗೊಣಗಿಕೊಂಡಾದರೂ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುತ್ತಾನೆ. ಯಾರ ಮನೆಯಲ್ಲಿ ಯಾವ ಬಂದೂಕಿದೆ ಎಂಬುದಕ್ಕೆ ಲೆಕ್ಕವಿದೆ, ಕೇಳುವವರಿದ್ದಾರೆ. ಕೊಡಗು ಕಲಿಸುವುದು ನಿಯಮವೇ ಬೇಡವೆಂಬ ಪಾಠವನ್ನಲ್ಲ.

ಇನ್ನು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿಗೆ ಬರುತ್ತೇನೆ. 2019ರ ಸೆಪ್ಟೆಂಬರ್‌ನಲ್ಲಿ ಹೈಲ್ಯಾಂಡ್ ಪಾರ್ಕ್‌ನಲ್ಲಿ ಗುಂಡು ಹಾರಿಸಿದ ಆ ಹುಡುಗ ಮನೆಯವರನ್ನೆಲ್ಲ ಕೊಲ್ಲುತ್ತೇನೆ ಎಂದಿದ್ದನೆಂದು ಪೊಲೀಸರಿಗೆ ದೂರು ಹೋಗಿತ್ತು. ಅವರು ಬಂದು 16 ಚಾಕು, ಒಂದು ಕಠಾರಿ, ಒಂದು ಖಡ್ಗ ಒಯ್ದಿದ್ದರು. ಅದಕ್ಕೂ ಮುಂಚೆ, ಅದೇ ವರ್ಷದ ಏಪ್ರಿಲ್‌ನಲ್ಲಿ, ಅವನು ಆತ್ಮಹತ್ಯೆಗೆ ಪ್ರಯತ್ನಿಸಿದ್ದನೆಂದು ಪೊಲೀಸರಿಗೆ ಕರೆ ಬಂದಿತ್ತು. ಡಿಸೆಂಬರ್‌ನಲ್ಲಿ, ಹುಡುಗನಿಗೆ 19 ವರ್ಷವಾಗಿದ್ದಾಗ, ಅಪ್ಪ ಫಾಯಿಡ್ ಅರ್ಜಿಗೆ ಸಹಿ ಹಾಕಿದರು. 21 ತುಂಬದವರಿಗೆ ಈ ರಾಜ್ಯದಲ್ಲಿ ಪೋಷಕರ ಸಹಿ ಬೇಕು. ರಾಜ್ಯ ಪೊಲೀಸರು ಅರ್ಜಿಯನ್ನು ಮಂಜೂರು ಮಾಡಿದರು. ಊರು ನಿಷೇಧಿಸಿತ್ತು, ರಾಜ್ಯ ಕಾರ್ಡ್ ಕೊಟ್ಟಿತು, ಮನೆ ಸಹಿ ಹಾಕಿತು. 2023ರಲ್ಲಿ ಆ ತಂದೆ ತಪ್ಪೊಪ್ಪಿಕೊಂಡು 60 ದಿನಗಳ ಜೈಲು ಶಿಕ್ಷೆ ಪಡೆದರು. ಮಗನಿಗೆ 2025ರ ಏಪ್ರಿಲ್‌ನಲ್ಲಿ ಒಂದರ ಮೇಲೊಂದರಂತೆ ಏಳು ಜೀವಾವಧಿ ಶಿಕ್ಷೆಯಾಯಿತು.

ಮಿಷಿಗನ್‌ನಲ್ಲೂ ಇಂಥದೇ ಕತೆ. ಡೆಟ್ರಾಯಿಟ್‌ನ ಉತ್ತರದ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ 2021ರ ನವೆಂಬರ್ 30ರಂದು ನಾಲ್ವರು ವಿದ್ಯಾರ್ಥಿಗಳು ಸತ್ತರು. ಕೊಂದವನಿಗೆ 15 ವರ್ಷ. ಪಿಸ್ತೂಲನ್ನು ಅಪ್ಪ ಕೊಂಡು ನಾಲ್ಕು ದಿನವಷ್ಟೇ ಆಗಿತ್ತು. 2024ರಲ್ಲಿ ತಾಯಿ ತಂದೆ ಇಬ್ಬರೂ ನರಹತ್ಯೆಯ ಅಪರಾಧಿಗಳಾಗಿ ಹತ್ತರಿಂದ ಹದಿನೈದು ವರ್ಷಗಳ ಸೆರೆಗೆ ಹೋದರು.

ನಮ್ಮ ಮನೆಗಳಲ್ಲಿ ಇಂಥದ್ದೆಲ್ಲ ಆಗುವುದಿಲ್ಲ ಎಂದು ದಯವಿಟ್ಟು ಹೇಳಬೇಡಿ. ಭಾರತೀಯರ ಮನೆಯಲ್ಲಿ ಚಿನ್ನವಿರುತ್ತದೆಂದು ಕಳ್ಳರು ನುಗ್ಗುವ ಸುದ್ದಿ ಕೇಳಿ ಬಂದೂಕು ಕೊಂಡವರು ನಮ್ಮ ನಡುವೆಯೇ ಇದ್ದಾರೆ. ಅದು ಅವರ ಹಕ್ಕು, ಕಳ್ಳರ ಭಯವೂ ನಿಜ. ಆದರೆ ಅದೇ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತ, ತಿಂಗಳಿಂದ ಸರಿಯಾಗಿ ಊಟ ಮಾಡದ ಮಗನಿರಬಹುದು. ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂದು ನಾವು ಅವನನ್ನು ವೈದ್ಯರ ಬಳಿಗೂ ಕರೆದೊಯ್ಯುವುದಿಲ್ಲ. ಈ ದೇಶದಲ್ಲಿ 2021ರಲ್ಲಿ ಗುಂಡಿಗೆ ಸತ್ತವರು 48 ಸಾವಿರಕ್ಕೂ ಹೆಚ್ಚು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು.

ಇಲಿನಾಯ್‌ನಲ್ಲಿ 2019ರಿಂದ ಒಂದು ಕಾನೂನಿದೆ. ಮನೆಯಲ್ಲೊಬ್ಬರು ಅಪಾಯಕಾರಿಯಾಗಿ ವರ್ತಿಸುತ್ತಿದ್ದರೆ ಕುಟುಂಬದವರೇ ಕೋರ್ಟಿಗೆ ಅರ್ಜಿ ಹಾಕಿ ಅವರ ಬಂದೂಕುಗಳನ್ನು ತಾತ್ಕಾಲಿಕವಾಗಿ ತೆಗೆಸಬಹುದು. ತುರ್ತು ಆದೇಶ 14 ದಿನಗಳದ್ದು, ಆಮೇಲೆ ವಿಚಾರಣೆ. ಅದು ಮಗನನ್ನು ಪೊಲೀಸರಿಗೆ ಹಿಡಿದುಕೊಟ್ಟಂತಲ್ಲ, ಅವನನ್ನು ಉಳಿಸಿಕೊಳ್ಳುವ ದಾರಿ. ಹೀಗೊಂದು ದಾರಿ ಇದೆಯೆಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಕಾನೂನು ಕಾಗದದಲ್ಲೇ ಉಳಿದರೆ ಏನಾಗುತ್ತದೆಂಬುದೂ ದೂರದ ಕತೆಯಲ್ಲ. ನಾವು ಬಾಲಾಜಿ ದರ್ಶನಕ್ಕೆ ಹೋಗುವ ಅರೋರಾದಲ್ಲಿ 2019ರ ಫೆಬ್ರವರಿ 15ರಂದು ಕಾರ್ಖಾನೆಯೊಂದರಲ್ಲಿ ಐವರು ಸತ್ತರು. ಕೊಂದವನ ಫಾಯಿಡ್ 2014ರಲ್ಲೇ ರದ್ದಾಗಿತ್ತು. ಬಂದೂಕನ್ನು ಅವನ ಕೈಯಿಂದ ಯಾರೂ ತೆಗೆದುಕೊಂಡಿರಲಿಲ್ಲ. ಗುಂಡಿಗೆ ನಮ್ಮಂಥವರೂ ಹೊರತಲ್ಲ. ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರದಲ್ಲಿ 2012ರಲ್ಲಿ ಪ್ರಾರ್ಥನೆಗೆ ಬಂದವರು ಗುಂಡಿಗೆ ಬಿದ್ದರಲ್ಲ, ಅವರೂ ನಮ್ಮಂತೆ ದೂರದಿಂದ ಬಂದು ಇಲ್ಲಿ ಮನೆ ಕಟ್ಟಿಕೊಂಡವರೇ.

ಹೈಲ್ಯಾಂಡ್ ಪಾರ್ಕ್‌ನ ಜನ ಅತ್ತು ಸುಮ್ಮನಾಗಲಿಲ್ಲ. ಶಾಸನಸಭೆಯ ತನಕ ಹೋದರು. ಆರು ತಿಂಗಳಲ್ಲಿ, 2023ರ ಜನವರಿ 10ರಂದು, ಗವರ್ನರ್ ಪ್ರಿಟ್ಜ್‌ಕರ್ ಇಡೀ ರಾಜ್ಯದಲ್ಲಿ ಅಂಥ ರೈಫಲ್‌ಗಳ ಮಾರಾಟ ನಿಲ್ಲಿಸುವ ಕಾನೂನಿಗೆ ಸಹಿ ಹಾಕಿದರು. ಅಂದಿನಿಂದ ಕೋರ್ಟುಗಳಲ್ಲಿ ಅದರ ಮೇಲೆ ದಾಳಿ ನಡೆಯುತ್ತಲೇ ಇದೆ. ಇಂಡಿಯಾನದ ಗಡಿಯಾಚೆ ಅದು ನಡೆಯುವುದೂ ಇಲ್ಲ. ದೇಶಕ್ಕೇ ಇದ್ದ ನಿಷೇಧವೊಂದು 1994ರಲ್ಲಿ ಹುಟ್ಟಿ 2004ರಲ್ಲಿ ಅವಧಿ ಮುಗಿದು ಸತ್ತಿತು. ಅದನ್ನು ಮತ್ತೆ ತರುವವರೆಗೆ ಊರಿನ ಕಟ್ಟಳೆ ಅರ್ಧ ಕಟ್ಟಿದ ಒಡ್ಡು. ನೀರು ಪಕ್ಕದಿಂದ ಹರಿಯಿತೆಂದು ಕಟ್ಟಿದ ಅರ್ಧವನ್ನೂ ಕೆಡವಿಹಾಕುವ ರೈತನನ್ನು ನಾನು ಕಂಡಿಲ್ಲ.

ಷಿಕಾಗೋದ ವಿದ್ಯಾರಣ್ಯ ಕನ್ನಡ ಕೂಟದವರೇ, ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟದವರೇ, ಮುಂದಿನ ರಾಜ್ಯೋತ್ಸವದಲ್ಲಿ ಹಾಡು ನೃತ್ಯಗಳ ನಡುವೆ ಅರ್ಧ ಗಂಟೆ ಈ ಮಾತಿಗೆ ಬಿಟ್ಟುಕೊಡಿ. ನಮ್ಮವರೇ ಆದ ವೈದ್ಯರನ್ನೂ ವಕೀಲರನ್ನೂ ವೇದಿಕೆಗೆ ಕರೆಯಿರಿ. ಪೌರತ್ವ ಪಡೆದವರೇ, ವೋಟು ಕೇಳಿ ಬಂದವರಿಗೆ ತೆರಿಗೆಯ ಪ್ರಶ್ನೆಗೂ ಮೊದಲು ಈ ಪ್ರಶ್ನೆ ಕೇಳಿ. ವೋಟಿಲ್ಲದವರೇ, ನಿಮ್ಮೂರಿನ ಆಡಳಿತ ಸಭೆಯಲ್ಲಿ ಎದ್ದು ನಿಂತು ಮಾತಾಡಿ. ಮನೆಯಲ್ಲಿ ಬಂದೂಕಿದ್ದರೆ ಇಂದೇ ಬೀಗ ಹಾಕಿ, ಗುಂಡುಗಳನ್ನು ಬೇರೆ ಕಡೆ ಇಡಿ. ಮಗುವನ್ನು ಆಟಕ್ಕೆ ಕಳಿಸುವ ಮೊದಲು ಆ ಮನೆಯಲ್ಲಿ ಬಂದೂಕಿದೆಯೇ, ಬೀಗದೊಳಗಿದೆಯೇ ಎಂದು ಸಂಕೋಚವಿಲ್ಲದೆ ವಿಚಾರಿಸಿ. ನಿಮ್ಮ ಮಗ ಫಾಯಿಡ್ ಅರ್ಜಿ ಹಿಡಿದು ಬಂದು ಸಹಿ ಹಾಕಪ್ಪ ಎಂದರೆ, ಪೆನ್ನು ಕೆಳಗಿಟ್ಟು, ಅವನನ್ನು ಕೂರಿಸಿಕೊಂಡು, ಏಕೆ ಎಂದು ಕೇಳಿ.